ವಯಸ್ಸಾಯಿತೆಂಬ ನೆಪ

ನಮ್ಮ ಮನೆಗಳಲ್ಲಿ ಮುದುಕರ ಯಾವ ದೂರಿಗೂ ಒಂದೇ ಉತ್ತರ ಸಿದ್ಧವಿರುತ್ತದೆ: ‘ವಯಸ್ಸಾತಲ್ಲ!’ ಈ ಮಾತಿನಿಂದ ನನ್ನ ಅವ್ವನ ಎಡಗಣ್ಣು ಹೋಯಿತು. ಆ ಮಾತನ್ನು ಆಡಿದವಳು ನಾನೇ. ಆದ್ದರಿಂದ ಇದನ್ನು ಬರೆಯುವ ಹೊಣೆಯೂ ನನ್ನದೇ.

ಅವ್ವನಿಗೆ ಆಗ 76. ಒಂದು ಮುಂಜಾನೆ ರಂಗೋಲಿ ಹಾಕಿ ಒಳಗೆ ಬಂದವಳು, ‘ಗೆರಿ ಎಲ್ಲಾ ಸೊಟ್ಟ ಕಾಣಾಕತ್ತಾವು ನೋಡವಾ. ಬಾಗಿಲ ಚೌಕಟ್ಟೂ ಬಾಗಿದಂಗ ಐತಿ’ ಎಂದಳು. ‘ವಯಸ್ಸಾತಲ್ಲಬೇ ಯವ್ವಾ, ಪೊರಿ ಬಂದಿರತೈತಿ’ ಎಂದು ಹೇಳಿ ನಾನು ಶಾಲೆಗೆ ಓಡಿದೆ. ಊರಿಗೆ ಕಣ್ಣಿನ ಶಿಬಿರ ಬಂದಾಗ ಟಾರ್ಚು ಬಿಟ್ಟು ನೋಡಿ, ‘ಸಣ್ಣ ಪೊರೆ ಇದೆ, ಬಲಿಯಲಿ’ ಎಂದು ಕಳಿಸಿದರು. ಅದು ಬಲಿಯಲೆಂದು ಎಂಟು ತಿಂಗಳು ಕಾದೆವು. ಒಂದು ದಿನ ಅವ್ವ ಹೇಳಿದಳು: ‘ಬಲಗಣ್ಣು ಮುಚ್ಚಿದ್ರ ನಿನ್ನ ಕಿವಿ ಕಾಣತಾವು, ಮಾರಿ ಕಾಣೂದಿಲ್ಲ.’

ಹುಬ್ಬಳ್ಳಿಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ, ಓಸಿಟಿ ಸ್ಕ್ಯಾನ್ ಮಾಡಿದ ಮೇಲೆ ಸತ್ಯ ತಿಳಿಯಿತು. ಪೊರೆ ಬರುವುದು ಕಣ್ಣಿನ ಮಸೂರಕ್ಕೆ. ತೆಗೆದರೆ ಬೆಳಕು ಮರಳುತ್ತದೆ. ಅವ್ವನ ರೋಗವಿದ್ದದ್ದು ಹಿಂದಿನ ರೆಟಿನಾದಲ್ಲಿ, ಅದರ ನಟ್ಟನಡುವಿನ ಮ್ಯಾಕ್ಯುಲಾದಲ್ಲಿ. ಓದುವುದು, ಸೂಜಿ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಆ ಸಣ್ಣ ಜಾಗದ ಕೆಲಸ. ರೋಗ ಒಣ ಬಗೆಯದಾದರೆ ಅದು ವರ್ಷಗಟ್ಟಲೆ ಮೆಲ್ಲಗೆ ಸವೆಯುತ್ತದೆ. ಒದ್ದೆ ಬಗೆಯದಾದರೆ ಅಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ. ತಡಮಾಡಿದರೆ ಕಲೆ ಕಟ್ಟಿ ನೋಟ ಹೋಗುತ್ತದೆ. ಅವ್ವನ ಎಡಗಣ್ಣಿನಲ್ಲಿ ಕಲೆ ಕಟ್ಟಿಯಾಗಿತ್ತು. ಬಲಗಣ್ಣಿನಲ್ಲಿ ಒಣ ಬಗೆ ಶುರುವಾಗಿತ್ತು.

ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆದ ನಾಡು ನಮ್ಮದು. 2005ರಲ್ಲಿ ಅವರು ತೀರಿಕೊಂಡರು. ಅವರ ಋಣ ತೀರುವಂಥದ್ದಲ್ಲ. ಆದರೆ ಅದರಿಂದ ನಾವು ಕಲಿತದ್ದು ಅರ್ಧ ಪಾಠ: ಮುದುಕರ ಕಣ್ಣೆಂದರೆ ಪೊರೆ, ಪೊರೆಯೆಂದರೆ ಕಾಯಬಹುದು. ಶಿಬಿರ ನಡೆಸುವವರನ್ನು ಕೇಳುತ್ತೇನೆ: ‘ಗೆರೆ ಸೊಟ್ಟ ಕಾಣುತ್ತದೆಯೇ?’ ಎಂಬ ಒಂದು ಪ್ರಶ್ನೆಗೆ ಎಷ್ಟು ಖರ್ಚು ಸ್ವಾಮಿ?

‘ತಿಳಿದರೂ ಬಡವರಿಗೆ ದಕ್ಕುವ ಚಿಕಿತ್ಸೆಯೇ?’ ಎನ್ನುವವರಿದ್ದಾರೆ. ಒದ್ದೆ ಬಗೆಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡುತ್ತಾರೆ. ಅದರಲ್ಲಿ ದುಬಾರಿಯ ರ‍್ಯಾನಿಬಿಜುಮ್ಯಾಬ್ ಇದೆ. ಕ್ಯಾನ್ಸರಿಗೆಂದು ಬಂದ, ಅದಕ್ಕಿಂತ ಅಗ್ಗದ ಬೆವಾಸಿಜುಮ್ಯಾಬ್ ಕೂಡ ಇದೆ. ನೋಟ ಉಳಿಸುವುದರಲ್ಲಿ ಎರಡೂ ಸರಿಸಮವೆಂದು 2011ರಲ್ಲಿ ಅಮೆರಿಕದ ಹೋಲಿಕೆ ಅಧ್ಯಯನ ತೋರಿಸಿತು. ಹಲವು ಸಲ ಹಾಕಿಸಿಕೊಳ್ಳಬೇಕು, ನಿಜ. ಮದುವೆಯ ಪೆಂಡಾಲಿಗೆ ಸಾಲ ಮಾಡುವ ನಾವು ತಾಯಿಯ ಕಣ್ಣಿನ ಲೆಕ್ಕ ಬಂದಾಗ ಮಾತ್ರ ಬಡವರಾಗುತ್ತೇವೆ.

ಹುಬ್ಬಳ್ಳಿಯ ವೈದ್ಯರು ಬಲಗಣ್ಣನ್ನು ಕಾಯಲು ಒಂದು ಹಾಳೆ ಕೊಟ್ಟರು: ಆಮ್ಸ್ಲರ್ ಪಟ. ಸ್ವಿಟ್ಜರ್ಲೆಂಡಿನ ನೇತ್ರತಜ್ಞರೊಬ್ಬರ ಹೆಸರಿನದು. ನೋಡಿದರೆ ನಮ್ಮ ಮಕ್ಕಳ ಗಣಿತದ ಚೌಕುಳಿ ಪುಸ್ತಕದ ಹಾಳೆಯಂಥದ್ದೇ, ನಡುವೆ ಒಂದು ಚುಕ್ಕೆ! ಇಪ್ಪತ್ತೆಂಟು ವರ್ಷ ಅಂಥ ಪುಸ್ತಕ ತಿದ್ದಿದವಳಿಗೆ ಇದು ತಿಳಿದಿರಲಿಲ್ಲ. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಓದುವ ಕನ್ನಡಕ ಹಾಕಿಕೊಂಡು, ಎಡಗಣ್ಣು ಮುಚ್ಚಿ, ಅವ್ವ ದಿನಾ ಆ ಚುಕ್ಕೆ ನೋಡುತ್ತಿದ್ದಳು. ಎರಡನೆಯ ವರ್ಷ ಒಂದು ಸೋಮವಾರ, ‘ಗೆರಿ ಬಾಗ್ಯಾವವಾ’ ಎಂದಳು. ಮರುದಿನವೇ ರಜೆ ಹಾಕಿ ಹೊರಟೆ. ಒದ್ದೆ ಬಗೆ ಆಗಷ್ಟೇ ಶುರುವಾಗಿತ್ತು. ಚುಚ್ಚುಮದ್ದು ವೇಳೆಗೆ ಬಿತ್ತು. ಆ ಕಣ್ಣು ಉಳಿಯಿತು.

ಹಾಳೆಯೊಂದನ್ನೇ ನಂಬಿ ಕೂರುವಂತಿಲ್ಲ. ವೈದ್ಯರ ತಪಾಸಣೆ ತಪ್ಪಿಸಬಾರದು. ಬೀಡಿ, ಸಿಗರೇಟು ಸೇದುವವರಿಗೂ ಮನೆತನದಲ್ಲಿ ಈ ರೋಗ ಇರುವವರಿಗೂ ಅಪಾಯ ಹೆಚ್ಚು. ನನಗೀಗ 56. ಅವ್ವನ ಹಾಳೆಯ ಪಕ್ಕದಲ್ಲಿ ನನ್ನದೂ ಒಂದಿದೆ.

ನಿಮ್ಮ ಮನೆಯ ಹಿರಿಯರು ಬಾಗಿಲು ಸೊಟ್ಟಗಾಗಿದೆ ಎಂದರೆ ನಗಬೇಡಿ. ಆ ವಾರವೇ ರೆಟಿನಾ ನೋಡುವ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವ್ವ ಬಾಗಿಲ ಬಗ್ಗೆ ಹೇಳಿದ ದಿನ ನಾನು ಉಳಿಸಿದ್ದು ಒಂದು ದಿನದ ರಜೆ.