ಕೌಂಟರಿನ ಹೊರಗೆ ನಿಂತವರನ್ನೂ ಕೇಳಿ

ಜಮೀನು ದಾಖಲೆಗಳ ‘ಭೂಮಿ’ ತಂತ್ರಾಂಶ ತಾಲ್ಲೂಕು ಕಚೇರಿಗಳಿಗೆ ಬಂದು ಕಾಲು ಶತಮಾನವಾಗುತ್ತಿದೆ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೇರಿದವು. ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುತ್ತಿದ್ದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತರು 15 ರೂಪಾಯಿ ಕೊಟ್ಟು ಕೌಂಟರಿನಲ್ಲೇ ಪಹಣಿ ಪಡೆಯುವಂತಾದದ್ದು ಸಣ್ಣ ಮಾತಲ್ಲ.

ಅದು ಗೆದ್ದದ್ದು ರೈತರ ಅನುಮಾನಕ್ಕೆ ಉತ್ತರ ಕೊಟ್ಟಿದ್ದರಿಂದ. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿದ್ದವರಿಗೂ ಕಾಣುವಂತೆ ಎರಡನೇ ಪರದೆಯನ್ನು ಜನರತ್ತ ತಿರುಗಿಸಿಟ್ಟರು. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ಎಂಬ ಸರದಿ ತಂದರು.

ಸೋತದ್ದು, ಕಚೇರಿಯ ವಹಿಯನ್ನು ಇದ್ದಂತೆಯೇ ಪರದೆಗಿಳಿಸಿದ ಕಡೆ. ಪಹಣಿಯ ಕಾಲಂ 3ರ ವಿಸ್ತೀರ್ಣಕ್ಕೂ ಕಾಲಂ 9ರಲ್ಲಿ ಹೆಸರುಗಳ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಹಳೇ ತಪ್ಪು ಕಂಪ್ಯೂಟರಿಗೂ ಬಂತು. ತಿದ್ದುಪಡಿಗೆ ರೈತರು ಮತ್ತೆ ಅಲೆದರು. ಮರಣ ನೋಂದಣಿ ‘ಇ-ಜನ್ಮ’ದಲ್ಲಿ, ಜಮೀನು ‘ಭೂಮಿ’ಯಲ್ಲಿ; ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು. ವಿಮೆ ಕಟ್ಟಿದ್ದು ಶೇಂಗಾಕ್ಕೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಬೇರೆ ಬೆಳೆಯಾದರೆ ಪರಿಹಾರಕ್ಕೆ ಕೊಕ್ಕೆ.

ತಂತ್ರಾಂಶ ಕಟ್ಟುವ ಮುನ್ನವೇ ಬಳಸುವವರನ್ನು ಕೇಳಿದ್ದರೆ ಇಂಥ ತೊಡಕುಗಳು ಮೊದಲೇ ಕಾಣುತ್ತಿದ್ದವು. ಏನು ಬೇಕೆಂದು ಕೇಳುವುದಕ್ಕೂ ಒಂದು ಕ್ರಮವಿದೆ. 2000ದ ದಶಕದ ಆರಂಭದಲ್ಲಿ ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದ ನೀಲ್ ಮೇಡನ್ ಮತ್ತು ಸಂಗಡಿಗರು ವಿಮಾನ ಸಂಚಾರ ನಿಯಂತ್ರಣದ ತಂತ್ರಾಂಶಕ್ಕಾಗಿ ಸೃಜನಶೀಲ ಕಾರ್ಯಾಗಾರಗಳನ್ನು ನಡೆಸಿದರು. ಬಳಸುವವರನ್ನೂ ಕಟ್ಟುವವರನ್ನೂ ಒಟ್ಟಿಗೆ ಕೂರಿಸಿ, ಬೇರೆ ಕ್ಷೇತ್ರದ ಪರಿಣತರನ್ನೂ ಕರೆಸಿದರು. ‘ಈ ಕಟ್ಟಳೆ ಇಲ್ಲವೇ ಇಲ್ಲ ಎಂದುಕೊಳ್ಳಿ, ಆಗೇನು ಮಾಡುವಿರಿ?’ ಎಂದು ಕೇಳುವುದು ಇಂಥ ಕಾರ್ಯಾಗಾರಗಳ ಒಂದು ಪಟ್ಟು.

ಅದೇ ಪಟ್ಟನ್ನು ‘ಭೂಮಿ’ಗೂ ಹಾಕಿ ನೋಡೋಣ: ಅರ್ಜಿಯೇ ಬೇಡವೆಂದರೆ ಖಾತೆ ಬದಲಾಗುವುದು ಹೇಗೆ? ಕ್ರಯಪತ್ರದ ಮಟ್ಟಿಗೆ ಉತ್ತರ ಸಿಕ್ಕಿದೆ: ನೋಂದಣಿಯಾದೊಡನೆ ಖಾತೆ ಬದಲಾವಣೆಗೆ ಸೂಚನೆಯಾದ ಜೆ ಸ್ಲಿಪ್ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಿಂದ ‘ಭೂಮಿ’ಗೆ ತಾನಾಗಿ ಹೋಗುತ್ತದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ವಿಷಯದಲ್ಲೂ ಇದೇ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಅದಕ್ಕೆಂದೇ ಆಂದೋಲನ ನಡೆಸುವ ಪ್ರಮೇಯ ಇಷ್ಟಿರುತ್ತಿರಲಿಲ್ಲ.

ಇನ್ನು ಮುಂದೆ ಯಾವುದೇ ಇಲಾಖೆ ಹೊಸ ತಂತ್ರಾಂಶಕ್ಕೆ ಟೆಂಡರ್ ಕರೆಯುವ ಮುನ್ನ ಹಿರಿಯೂರಿನ ಶೇಂಗಾ ರೈತ, ಹೊಸದುರ್ಗದ ತೆಂಗು ಬೆಳೆಗಾರ, ಹೊಳಲ್ಕೆರೆಯ ಅಡಿಕೆ ಬೆಳೆಗಾರ, ಗ್ರಾಮ ಆಡಳಿತ ಅಧಿಕಾರಿ, ಸರ್ವೇಯರ್, ಗ್ರಾಮ ಒನ್ ನಿರ್ವಾಹಕ ಇವರೆಲ್ಲರನ್ನೂ ಒಂದು ದಿನ ಒಂದೇ ಮೇಜಿನ ಸುತ್ತ ಕೂರಿಸಲಿ. ಆಮೇಲೆ ತಿದ್ದುವುದಕ್ಕಿಂತ ಮೊದಲೇ ಕೇಳುವುದು ಅಗ್ಗ.