ಬೆನ್ನುಮೂಳೆಯ ಕ್ಷಯಕ್ಕೆ ಆಪರೇಷನ್ ಬೇಕೇಬೇಕೆ?

ಮಗನಿಗೆ ಬೆನ್ನುಮೂಳೆಯ ಕ್ಷಯ ಎಂದು ಗೊತ್ತಾದ ಕೂಡಲೇ ತಂದೆ-ತಾಯಿ ಕೇಳುವುದು ಎರಡೇ: ಆಪರೇಷನ್ ಆಗಬೇಕೆ? ಓದು ನಿಲ್ಲಬೇಕೆ?

ಬಹುಮಂದಿಗೆ ಎರಡೂ ಬೇಕಿಲ್ಲ. ರೋಗಾಣು ಸಾಮಾನ್ಯವಾಗಿ ಶ್ವಾಸಕೋಶದಿಂದ ರಕ್ತದ ಮೂಲಕ ಬೆನ್ನಿನ ಮಣಿಗಳನ್ನು ಸೇರಿ ಮೆಲ್ಲನೆ ಕೊರೆಯುತ್ತದೆ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದಾಗ ಔಷಧಿಯೇ ಇರಲಿಲ್ಲ. ಆಮೇಲೂ ಬಹುಕಾಲ ಮಕ್ಕಳನ್ನು ಪ್ಲಾಸ್ಟರಿನಲ್ಲಿ ಬಿಗಿದು ತಿಂಗಳುಗಟ್ಟಲೆ ಮಲಗಿಸುತ್ತಿದ್ದರು, ಪಾಪ! ಔಷಧಿ ಬಂದ ಮೇಲೆ ಕೊರಿಯಾದ ಮಸಾನ್‌ನಲ್ಲಿ ಹೋಲಿಸಿ ನೋಡಿದರು; ಆಸ್ಪತ್ರೆಯಲ್ಲಿ ಮಲಗಿದವರಷ್ಟೇ ಚೆನ್ನಾಗಿ ಓಡಾಡಿಕೊಂಡಿದ್ದವರೂ ಗುಣಮುಖರಾದರು. ಮೊದಲು ಔಷಧಿ, ಅಗತ್ಯವಿದ್ದವರಿಗಷ್ಟೇ ಶಸ್ತ್ರಚಿಕಿತ್ಸೆ ಎಂಬ 'ಮಧ್ಯಮ ಮಾರ್ಗ'ದ ಫಲಿತಾಂಶವನ್ನು ನಮ್ಮ ದೇಶದ ಡಾ. ಎಸ್.ಎಂ. ತುಳಿ 1975ರಲ್ಲಿ ಪ್ರಕಟಿಸಿದರು.

ತೊಡಕಿರುವುದು ಮಾತ್ರೆಯಲ್ಲಿ. ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತದೆ, ನೋವು ತಗ್ಗುತ್ತದೆ. 'ಇನ್ನೇಕೆ' ಎಂದು ಬಿಟ್ಟುಬಿಡುತ್ತಾರೆ. ಚಿಕಿತ್ಸೆ ಸಾಮಾನ್ಯವಾಗಿ ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದೆಯೂ ಹೋಗಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕಣ್ಣು ಮಂಜಾದರೆ, ಹಳದಿಯಾದರೆ ಅಂದೇ ವೈದ್ಯರಿಗೆ ತೋರಿಸಿ.

ಕಾಲು ಜೋಮುಗಟ್ಟಿ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು. ಬೆನ್ನುಹುರಿ ಒತ್ತಿಹೋಗುತ್ತಿದ್ದರೆ, ಎಳೆಯರ ಬೆನ್ನು ತೀರಾ ಬಾಗುತ್ತಿದ್ದರೆ ಆಪರೇಷನ್ನೇ ಬೇಕಾಗಬಹುದು.

ಶ್ವಾಸಕೋಶದಲ್ಲಿ ರೋಗವಿಲ್ಲದಿದ್ದರೆ ಪಕ್ಕದ ಬೆಂಚಿನವನಿಗೆ ಅಂಟುವುದಿಲ್ಲ. ವೈದ್ಯರು ಒಪ್ಪಿದರೆ ಶಾಲೆಗೆ ಹೋಗಲಿ, ಪರೀಕ್ಷೆಗೂ ಕೂರಲಿ. ಪುಸ್ತಕದ ಚೀಲವನ್ನು ಮಾತ್ರ ಸದ್ಯಕ್ಕೆ ಅಪ್ಪನೇ ಹೊರಲಿ.