ಸಮವಸ್ತ್ರ ಮರಳಿತು, ಹೆಲಿಕಾಪ್ಟರ್ ಉಳಿಯಿತು

ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರಿಗೆ,



2024ರ ಮೇ ತಿಂಗಳಲ್ಲಿ ಭಾರತೀಯ ಸೇನೆಯ ಕೊನೆಯ ತಂಡ ಮಾಲ್ಡೀವ್ಸ್ ಬಿಟ್ಟು ಬಂತು. ಅವರ ಜಾಗಕ್ಕೆ ಹೋದವರು ಬೆಂಗಳೂರಿನ ಎಚ್‌ಎಎಲ್ ಸಂಸ್ಥೆಯ ತಂತ್ರಜ್ಞರು. ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಅಲ್ಲೇ ಉಳಿದವು. ದೂರದ ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲೆಂದು ಭಾರತ ಕೊಟ್ಟಂಥವು ಅವು. ಕೊನೆಗೆ ಬದಲಾದದ್ದು ಅವನ್ನು ನೋಡಿಕೊಳ್ಳುವವರ ಉಡುಪು. ಇಷ್ಟಕ್ಕೆ ಎರಡೂ ದೇಶಗಳಲ್ಲಿ ಅಷ್ಟೊಂದು ರಂಪ ಬೇಕಿತ್ತೇ?

ಮಾಲ್ಡೀವ್ಸ್ ರಾಜಧಾನಿ ಮಾಲೆಯ ಮೇಲೆ ದೆಹಲಿಯ ಉಪಕಾರ ಸಣ್ಣದಲ್ಲ. 1988ರ ನವೆಂಬರ್ 3ರಂದು ಶ್ರೀಲಂಕಾದ ತಮಿಳು ಬಾಡಿಗೆ ಬಂಟರು ಅಧ್ಯಕ್ಷ ಗಯೂಮ್ ಸರ್ಕಾರವನ್ನು ಉರುಳಿಸಲು ನುಗ್ಗಿದಾಗ, ಆಗ್ರಾದಿಂದ ಹೊರಟ ಭಾರತೀಯ ಪ್ಯಾರಾ ಸೈನಿಕರು ಅದೇ ರಾತ್ರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತದಿಂದಲೂ ಕುಡಿಯುವ ನೀರು ಹೋಯಿತು.

ಆದರೆ ಮಾಡಿದ್ದನ್ನು ಹೇಳಿ ಹಂಗಿಸಿದರೆ ನೆಂಟರೂ ಮುಖ ತಿರುಗಿಸುತ್ತಾರೆ. 2024ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಮೂವರು ಉಪಸಚಿವರು ಪ್ರಧಾನಿ ಮೋದಿಯವರ ಬಗ್ಗೆ ನಾಲಿಗೆ ಹರಿಬಿಟ್ಟರು. ಅವರ ಸರ್ಕಾರವೇ ಅವರನ್ನು ಅಮಾನತು ಮಾಡಿತು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇಲ್ಲಿ ಮಾಲ್ಡೀವ್ಸ್ ಬಹಿಷ್ಕಾರದ ಕೂಗೆದ್ದಿತು, ಸಿನಿಮಾ ತಾರೆಯರು ಲಕ್ಷದ್ವೀಪಕ್ಕೆ ಹೋಗಿ ಎಂದರು. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ ಮರುವರ್ಷ ಸುಮಾರು 1.3 ಲಕ್ಷಕ್ಕೆ ಇಳಿಯಿತು, ಮೊದಲ ಸ್ಥಾನಕ್ಕೆ ಚೀನೀಯರು ಬಂದರು. ಬೀಜಿಂಗ್‌ಗೆ ಇದಕ್ಕಿಂತ ಅಗ್ಗದ ಉಡುಗೊರೆ ಇನ್ನೊಂದಿರಲಾರದು!

ಮಾಲ್ಡೀವ್ಸ್ ಅಧ್ಯಕ್ಷ ಮುಯಿಝು ಅವರದೂ ತಪ್ಪಿಲ್ಲವೆಂದಲ್ಲ. ಭಾರತೀಯ ಸೈನಿಕರನ್ನು ಹೊರಹಾಕುತ್ತೇನೆಂದು ಮತ ಕೇಳಿದರು, ಗೆದ್ದ ಮೇಲೆ ಮೊದಲು ಟರ್ಕಿಗೆ, ಆಮೇಲೆ ಚೀನಾಕ್ಕೆ ಹೋದರು, ಭಾರತದೊಂದಿಗಿನ ಜಲಮಾಪನ (ಸಮುದ್ರತಳ ಸಮೀಕ್ಷೆ) ಒಪ್ಪಂದವನ್ನು ನವೀಕರಿಸಲಿಲ್ಲ. ಸಾಲದ ಲೆಕ್ಕ ಕುತ್ತಿಗೆಗೆ ಬಂದಾಗ ಘೋಷಣೆಗಳು ತಣ್ಣಗಾದವು. 2024ರ ಆಗಸ್ಟ್‌ನಲ್ಲಿ ತಾವು ಮಾಲೆಗೆ ಹೋದಿರಿ. ಅಕ್ಟೋಬರ್‌ನಲ್ಲಿ ಅವರು ದೆಹಲಿಗೆ ಬಂದು 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಒಪ್ಪಂದದೊಂದಿಗೆ ಮರಳಿದರು. ಮುನಿಸಿನ ನಡುವೆಯೂ ಮಾತುಕತೆಯ ಬಾಗಿಲು ಮುಚ್ಚದ ಶ್ರೇಯ ತಮ್ಮ ಸಚಿವಾಲಯಕ್ಕೆ ಸಲ್ಲಬೇಕು.

ದುಡ್ಡಿನಿಂದ ಸಿಟ್ಟು ಇಳಿದೀತು, ಅನುಮಾನ ಹೋಗದು. 2021ರ ಫೆಬ್ರವರಿಯಲ್ಲಿ ತಾವು ಮಾಲೆಯಲ್ಲಿದ್ದಾಗ ಉತುರು ತಿಲಾ ಫಲ್ಹು ಬಂದರಿನ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿ ಭಾರತದ ಸೇನಾ ನೆಲೆ ಬರುತ್ತದೆಂಬ ಗುಲ್ಲು ಹಬ್ಬಿತು, ಸರ್ಕಾರಗಳು ನಿರಾಕರಿಸಿದರೂ ಅದು ಅಲ್ಲಿನ ಚುನಾವಣೆಯವರೆಗೆ ಬೆಳೆಯಿತು. ಅದೇ ವರ್ಷ ಮಾಲ್ಡೀವ್ಸ್‌ನ ಅಡ್ಡು ನಗರದಲ್ಲಿ ಭಾರತದ ಕಾನ್ಸುಲೇಟ್ ತೆರೆಯಲು ಕೇಂದ್ರ ಸಂಪುಟ ಒಪ್ಪಿದಾಗಲೂ ಆ ದೇಶದಲ್ಲಿ ವಿರೋಧ ಎದ್ದಿತು. ಸ್ಥಳೀಯರ ಕಿವಿಗೆ ಸುದ್ದಿ ಮುಟ್ಟುವ ಮೊದಲೇ ನಿರ್ಧಾರ ಮುಟ್ಟಿದರೆ ಇನ್ನೇನಾದೀತು?

ಬೆಂಗಳೂರಿನಲ್ಲಿ ಮಾಲ್ಡೀವ್ಸ್ ಕಾನ್ಸುಲೇಟ್, ಅಡ್ಡುವಿನಲ್ಲಿ ಭಾರತದ್ದು ಎಂದು 2024ರ ಅಕ್ಟೋಬರ್‌ನ ಜಂಟಿ ದಾಖಲೆ ಮತ್ತೆ ಹೇಳಿದೆ. ಈ ಸಲ ಅಡ್ಡು ನಗರ ಮಂಡಳಿಯ ಮುಂದೆ ಮೊದಲು ಯೋಜನೆಯ ಪ್ರತಿ ಇಡಿ. ಕಾನ್ಸುಲೇಟ್‌ನಲ್ಲಿ ಎಷ್ಟು ಸಿಬ್ಬಂದಿ, ಏನು ಕೆಲಸ ಎಂಬುದು ಅಲ್ಲಿನ ದಿವೇಹಿ ಭಾಷೆಯಲ್ಲೇ ಊರವರಿಗೆ ತಿಳಿಯಲಿ. ಮುಂದಿನ ರಕ್ಷಣಾ ಒಪ್ಪಂದಗಳ ಪಠ್ಯವನ್ನು ಸಾಧ್ಯವಾದ ಮಟ್ಟಿಗೆ ಎರಡೂ ದೇಶಗಳ ಸಂಸತ್ತಿನಲ್ಲಿ ಮಂಡಿಸುವಂತೆ ಮಾಲೆಯನ್ನೂ ಒಪ್ಪಿಸಿ.

ಇತಿ,
ಒಬ್ಬ ಕನ್ನಡಿಗ ಓದುಗ